ಓಟಿನ ತೂಕ

ಬಿಂದುಶ್ರೀಯ ಬರಹದ ಕೆಳಗೆ ಗಳಿಕೆ ತೋರಿಸುವ ಸೊನ್ನೆ ಕದಲಲೇ ಇಲ್ಲ. ಬದನವಾಳಿನ ಅವಳ ಬೀದಿಯ ಹೆಂಗಸರೆಲ್ಲ ಓಟು ಒತ್ತಿದ್ದರು. ಆದರೆ ಅವಳು ಬರೆದು ಹಾಕಿದ್ದ ಬ್ಲಾಕ್‌ಚೈನ್ ತಾಣದಲ್ಲಿ ಯಾರ ಬಳಿ ಹೆಚ್ಚು ಟೋಕನ್, ಅಂದರೆ ಆ ತಾಣದ ಡಿಜಿಟಲ್ ನಾಣ್ಯ, ಇದೆಯೋ ಅವರ ಓಟಿಗೇ ತೂಕ. ಬರೆದವರಿಗೆ ದುಡ್ಡು ಬರುವುದೂ ಆ ತೂಕದ ಮೇಲೆಯೇ. ಬಿ.ಎಡ್. ಫೀಸಿಗೆ ಅವಳು ನಂಬಿದ್ದುದು ಅದನ್ನೇ.

ನಂಜನಗೂಡಿನ ಬಟ್ಟೆ ಅಂಗಡಿಯ ಸೋಮಶೇಖರ್ ಬಳಿ ಟೋಕನ್ನುಗಳ ರಾಶಿಯೇ ಇತ್ತು. ಅವನೇ ಫೋನ್ ಮಾಡಿದ. "ನಿಮ್ಮವ್ವ ನೂಲು ತೆಗ್ದಿದ್ ಕತೆ ಚೆನ್ನಾಗೈತೆ ಕಣಮ್ಮ. ನಮ್ ತಾತ ನೂಲು ಕೊಳ್ಳೋವಾಗ ಮೈಲ್ಗೆ ಅಂತ ಕಾಸನ್ನ ಕೈಗೆ ಕೊಡ್ದೆ ನೆಲಕ್ಕೆ ಎಸೀತಿದ್ರು ಅನ್ನೋ ಸಾಲೊಂದ ತೆಗ್ದಾಕು. ಆಮೇಲೆ ನಾನೊಬ್ನು ಒತ್ತಿದ್ರೆ ಸಾಕು."

ಅವಳು ತೆಗೆದಳು. ಅವನು ಒತ್ತಿದ. ಸೊನ್ನೆಯಿದ್ದ ಜಾಗದಲ್ಲಿ ಫೀಸಿನಷ್ಟು ಮೊತ್ತ ಬಂದು ಕೂತಿತು.

"ಅದೇನ್ ಬರ್ದಿದ್ದೀಯೋ, ನಂಗೂ ಓದು ಮಗ," ಎಂದು ಮಾದಮ್ಮ ಹತ್ತಿರ ಸರಿದಳು. ಓದು ಬಾರದ ಅವ್ವ ಮಗಳ ಬಾಯನ್ನೇ ನೋಡುತ್ತ ಪೂರ್ತಿ ಕೇಳಿದಳು. ಆಮೇಲೆ, "ಕಾಸು ಎಸೀತಿದ್ದದ್ದು?" ಎಂದಳು. ಬಿಂದುಶ್ರೀ ಮೊಬೈಲನ್ನು ತುಸು ತನ್ನತ್ತ ತಿರುಗಿಸಿಕೊಂಡು, ಪರದೆಯ ಮೇಲೆ ಇಲ್ಲದ ಆ ಸಾಲನ್ನು ಓದುವವಳಂತೆ ನಿಧಾನವಾಗಿ ಹೇಳಿದಳು.

"ಊಂ, ಅದಿರ್ಬೇಕು," ಎಂದಳು ಮಾದಮ್ಮ. "ಎಲ್ರೂ ಓದ್ಲಿ."