ರೆಸಾರ್ಟಿಗೆ ಬಂದ ರೊಟ್ಟಿ

ವಿಶ್ವಾಸಮತ ಮುಗಿಯುವತನಕ ಯಾರೂ ಜಾರಿಕೊಳ್ಳಬಾರದೆಂದು ಪಕ್ಷದವರು ತಮ್ಮ ಶಾಸಕರನ್ನೆಲ್ಲ ರೆಸಾರ್ಟಿನಲ್ಲಿ ಕೂಡಿಹಾಕಿ, ಫೋನುಗಳನ್ನೂ ಕಿತ್ತುಕೊಂಡಿದ್ದರು. ಅವರಲ್ಲೊಬ್ಬರಾದ ರುದ್ರಗೌಡರನ್ನು ನೋಡಲು ಹೆಂಡತಿಯೊಬ್ಬಳನ್ನೇ ಒಳಗೆ ಬಿಟ್ಟರು. ಅವಳು ತಂದ ರೊಟ್ಟಿಗಳ ನಡುವಿನಿಂದ ಒಂದು ರಾಜೀನಾಮೆ ಪತ್ರ ತೆಗೆದಳು. ಎದುರು ಪಕ್ಷದವರು ಬರೆಸಿ ಕಳಿಸಿದ್ದು.

ಗೌಡರು ಬಾಗಿಲತ್ತ ನೋಡಿ ದನಿ ತಗ್ಗಿಸಿದರು. “ಬಾಗಲದಾಗ ನಮ್ಮವರ ಕಾವಲ ಅದಾರ. ಗೊತ್ತಾದ್ರ ಚರ್ಮ ಸುಲೀತಾರ.”

“ಊರ ತುಂಬ ಭಾಷಣ ಹೊಡದ ಗಂಡಸು, ಒಂದು ಸಹಿಗೆ ಹಿಂಗ ನಡುಗತೀರಲ್ರಿ. ಹಾಕ್ರಿ ಸುಮ್ಮನ.”

ಗೌಡರು ಸಹಿ ಹಾಕಿದರು. ಅವಳು ಪತ್ರ ಮಡಚಿ ಕುಪ್ಪಸದೊಳಗೆ ಸೇರಿಸಿಕೊಂಡಳು.

“ಸೀಟಂತೂ ಹೋತು. ಉಪಚುನಾವಣಿಗೆ ಅವರು ನನಗ ಟಿಕೆಟ್ ಕೊಡದಿದ್ರ ಏನ್ ಗತಿ?”

“ನಿಮಗ ಕೊಡಂಗಿಲ್ರಿ,” ಹೆಂಡತಿ ಸೆರಗು ಸರಿಮಾಡಿಕೊಂಡಳು. “ನನಗ ಕೊಟ್ಟಾರ.”