ಮೊದಲು ಆಟ, ಆಮೇಲೆ ಚಹಾ

ಆಟ ಶುರುವಾಗಿ ಎರಡು ನಿಮಿಷವಾಗಿರಲಿಲ್ಲ, ಭೀಮಾಶಂಕರನಿಗೆ ಎರಡನೆಯ ಗೋಲು ಬಿತ್ತು. ಟಿವಿಯಲ್ಲಿ ಕೆಂಪು ಅಂಗಿಯ ಪುಟ್ಟ ಆಟಗಾರರು ಕೈಯೆತ್ತಿ ಕುಣಿದರು. ಅವನ ನೀಲಿ ಅಂಗಿಯವರು ಪೆದ್ದುಪೆದ್ದಾಗಿ ನಿಂತಿದ್ದರು.

ಪಕ್ಕದ ಕುರ್ಚಿಯಲ್ಲಿ ಜಗದೇವಪ್ಪ ತೊಡೆಯ ಮೇಲೆ ಟವೆಲು ಹಾಸಿ, ಎರಡೂ ಕೈ ಅದರೊಳಗೆ ಹುದುಗಿಸಿ ಆರಾಮಾಗಿ ಕೂತಿದ್ದರು. ಟವೆಲಿನೊಳಗಿಂದ ಟಕ್, ಟಕ್ ಎಂಬ ಸದ್ದು. ಅವರು ಟಿವಿಗಿಂತ ಹೆಚ್ಚಾಗಿ ಇವನ ಮುಖವನ್ನೇ ನೋಡುತ್ತಿದ್ದರು. ನೋಡದೆಯೇ ಗೋಲು ಹೊಡೆಯುವ ಮನುಷ್ಯನನ್ನು ಸೋಲಿಸುವುದಾದರೂ ಹೇಗೆ?

ಸೋಲಿಸದೆ ಗತಿಯಿರಲಿಲ್ಲ. ಶಹಾಪುರದಲ್ಲಿ ಹತ್ತಿ ವ್ಯಾಪಾರ ಮಾಡುವ ಭೀಮಾಶಂಕರ, ಸುರಪುರದ ಬಸ್ಸಿನಲ್ಲಿ ಕಸ್ತೂರಿ ಟೀಚರನ್ನು ಕಂಡ ದಿನದಿಂದ ಬೇರೆ ಯಾವ ಹೆಣ್ಣನ್ನೂ ನೋಡಲು ಒಪ್ಪಿರಲಿಲ್ಲ. ಇವತ್ತು ತಾಯಿ ಭೀಮಾಬಾಯಿಯ ಜೊತೆ ಅವಳನ್ನು ನೋಡಲು ಬಂದಿದ್ದ. ಆದರೆ ಅವಳ ತಂದೆ ಜಗದೇವಪ್ಪನವರ ಮನೆಯ ಪದ್ಧತಿಯೇ ಬೇರೆ. ಬಂದ ವರ ಮೊದಲು ಹಳೆಯ ಕ್ಯಾಸೆಟ್ಟಿನ ಫುಟ್‌ಬಾಲ್ ಗೇಮ್ ಆಡಬೇಕು. ಕಸ್ತೂರಿ ಚಿಕ್ಕವಳಿದ್ದಾಗ ಅವರು ಯಾದಗಿರಿಯಿಂದ ತಂದಿದ್ದ ಗೇಮ್ ಅದು. ಈ ಮೊದಲು ಬಂದ ಮೂವರೂ ಆರು-ಸೊನ್ನೆಯಿಂದ ಸೋತಿದ್ದರು. ಮೂವರಿಗೂ ಮರುದಿನವೇ ‘ಕೂಡಿ ಬರಲಿಲ್ಲ’ ಎಂಬ ಫೋನು ಹೋಗಿತ್ತು.

ಟಿವಿ ರಿಪೇರಿಯ ಗೆಳೆಯ ಶಹಬಾಜ ತನ್ನ ಅಂಗಡಿಯ ಅಟ್ಟದಿಂದ ಅಂಥದೇ ಗೇಮ್ ಇಳಿಸಿ ಹದಿನೈದು ದಿನ ತಾಲೀಮು ಕೊಟ್ಟಿದ್ದ. “ಮುದುಕ ಸೋತ್ರ ಹೆಣ್ಣ ನಿಂದು,” ಅಂದಿದ್ದ. ಭೀಮಾಬಾಯಿಯದು ಬೇರೆ ಬುದ್ಧಿಮಾತು. “ಹಿರ್ಯಾರ ಮುಂದ ಸೋತ್ರ ಏನೂ ಹೋಗಂಗಿಲ್ಲ. ಸೋತು ಬಿಡು,” ಅಂದಿದ್ದಳು. ಭೀಮಾಶಂಕರ ಗೆಳೆಯನ ಮಾತನ್ನೇ ಹಿಡಿದಿದ್ದ. ಪ್ರೀತಿಯ ವಿಷಯದಲ್ಲಿ ತಾಯಿಯ ಮಾತು ಕೇಳಿದವರು ಯಾರಿದ್ದಾರೆ?

ಹಾಳಾದ ಟಿವಿ ಅಡುಗೆಮನೆಯ ಬಾಗಿಲಿನ ಕಡೆ ಮುಖ ಮಾಡಿ ನಿಂತಿತ್ತು. ಒಲೆಯ ಮುಂದೆ ನಿಂತೇ ಧಾರಾವಾಹಿ ನೋಡುವ ಮನೆಯಿರಬೇಕು. ಅವನು ಕತ್ತು ಹೊರಳಿಸಿಯೇ ಆಡಬೇಕಿತ್ತು. ಗೇಮಿನ ಡಬ್ಬಿಯಿಂದ ಒಂದು ವೈರು ಅವನ ಕೈಯ ರಿಮೋಟಿಗೆ ಬಂದಿತ್ತು, ಇನ್ನೊಂದು ಜಮಖಾನದ ಅಡಿಗೆ ಹೋಗಿತ್ತು.

ಒಳಗಿಂದ ಹಾಲು ಸೀದ ವಾಸನೆ ಬಂತು.

“ಒಳಗ ಯಾರೂ ಇಲ್ಲೇನ್ರಿ? ಚಾ ಉಕ್ಕಾಕತ್ತದ,” ಎಂದಳು ಭೀಮಾಬಾಯಿ.

“ಇರ್ಲಿ ಬಿಡ್ರಿ ಅಕ್ಕಾರ, ಹಾಫ್ ಟೈಮ್ ಆಗ್ಲಿ,” ಎಂದರು ಜಗದೇವಪ್ಪ. “ನಮ್ಮ ಮನ್ಯಾಗ ಮೊದ್ಲು ಆಟ, ಆಮ್ಯಾಲ ಚಾ.”

ಹಾಫ್ ಟೈಮ್ ಆಯಿತು. ಒಳಗೆ ಗ್ಯಾಸ್ ಆರಿಸಿದ ಸದ್ದೂ ಆಯಿತು.

ಎರಡನೆಯ ಅರ್ಧದಲ್ಲಿ ಭೀಮಾಶಂಕರನಿಗೆ ಶಹಬಾಜನ ಪಾಠ ನೆನಪಾಯಿತು. ಅಂಚು ಹಿಡಿದು ಓಡು, ಕೊನೆಗೆ ಒಳಗೆ ತಿರುಗು. ಒಂದು ಗೋಲು ಹೊಡೆದ. ಇನ್ನೊಂದನ್ನೂ ಹೊಡೆದ. ಎರಡು ಸಲವೂ ಅಡುಗೆಮನೆಯ ಬಾಗಿಲ ಪರದೆಯ ಹಿಂದೆ ಬಳೆಗಳು ಘಲ್ಲೆಂದವು. ಅವಳು ನೋಡುತ್ತಿದ್ದಾಳೆ ಎಂದು ಅವನಿಗೆ ಖುಷಿಯೋ ಖುಷಿ.

ಎರಡು-ಎರಡು. ಉಳಿದದ್ದು ಇಪ್ಪತ್ತು ಸೆಕೆಂಡು. ಚೆಂಡು ಅವನ ಕಾಲಿನಲ್ಲಿತ್ತು. ಅಷ್ಟರಲ್ಲಿ ಕೆಂಪು ತಂಡದ ಗೋಲ್‌ಕೀಪರ್ ಮೂಲೆಗೆ ಸಿಕ್ಕಿಕೊಂಡು ಗಡಗಡ ನಡುಗತೊಡಗಿದ. ಗೋಲು ಬಾಗಿಲು ತೆರೆದ ಮನೆಯಂತೆ ಖಾಲಿಯಾಗಿತ್ತು. ಗುಂಡಿ ಒತ್ತಿದರೆ ಗೆಲುವು, ಗೆದ್ದರೆ ಕಸ್ತೂರಿ.

ಭೀಮಾಶಂಕರ ಗುಂಡಿಯಿಂದ ಹೆಬ್ಬೆರಳನ್ನು ಮೇಲೆತ್ತಿದ.

“ಯಾಕ ತಮ್ಮಾ, ನಿಂತಿ? ಗೋಲ ಖಾಲಿ ಅದ,” ಎಂದರು ಜಗದೇವಪ್ಪ.

“ನಿಮ್ಮ ಗೋಲ್‌ಕೀಪರ್ ಸಿಕ್ಕೊಂಡಾನ್ರಿ. ಕ್ಯಾಸೆಟ್ ಬಿಸಿ ಆಗ್ಯದ. ಈಗ ಹೊಡದ್ರ ಗೆದ್ದಂಗ ಆಗಂಗಿಲ್ಲ.”

ಹೇಳಿದವನೇ ಚೆಂಡನ್ನು ಗೆರೆಯಾಚೆ ಒದ್ದುಬಿಟ್ಟ. ಶಹಬಾಜನಿಗೆ ಯಾವ ಮುಖ ತೋರಿಸುವುದು? ನಾಳೆಯಿಂದ ಆ ಬಸ್ಸು ಹತ್ತುವುದಾದರೂ ಹೇಗೆ?

ಪರದೆಯ ಹಿಂದೆ ಬಳೆಗಳ ಸದ್ದು ನಿಂತುಹೋಯಿತು.

ಕೆಂಪು ಅಂಗಿಯವನು ಚೆಂಡು ಎಸೆದ. ಇನ್ನೊಬ್ಬ ಕೆಂಪು ಅಂಗಿಯವನು ಅದನ್ನು ಹಿಡಿದು ಗರಗರನೆ ತಿರುಗಿ, ಹಿಂದಕ್ಕೆ ಓಡಿ, ನಡುಗುತ್ತಿದ್ದ ತನ್ನದೇ ಗೋಲ್‌ಕೀಪರನನ್ನು ದಾಟಿ, ತನ್ನದೇ ಗೋಲಿಗೆ ಚೆಂಡು ಹೊಡೆದ. ಸೀಟಿ ಕೂಗಿತು. ಮೂರು-ಎರಡು.

“ಪಾಪ, ಹಿರ್ಯಾರಿಗಿ ದಿಕ್ಕ ತಪ್ಪಿತು ಕಾಣ್ತದ,” ಎಂದಳು ಭೀಮಾಬಾಯಿ.

“ಇದು ಲೆಕ್ಕಕ್ಕಿಲ್ಲರಿ. ಮತ್ತೊಂದ್ಸಲ ಆಡೋಣು,” ಎಂದ ಭೀಮಾಶಂಕರ.

“ಇನ್ನ ಆಡೋದೇನೂ ಉಳದಿಲ್ಲ ತಮ್ಮಾ,” ಎಂದು ನಕ್ಕ ಜಗದೇವಪ್ಪ ಟವೆಲು ಸರಿಸಿ ಕೈ ಹೊರಗೆ ತೆಗೆದರು. ಒಂದು ಕೈಯಲ್ಲಿ ಅಡಕತ್ತರಿ, ಇನ್ನೊಂದರಲ್ಲಿ ಕತ್ತರಿಸಿದ ಅಡಿಕೆ. ಎರಡು ಹೋಳು ಬೀಗತಿಯ ಕಡೆ ಚಾಚಿ, ಅಡುಗೆಮನೆಯತ್ತ ಕೂಗಿದರು. “ಚಾ ತಾರವ್ವ.”

ಪರದೆ ಸರಿಯಿತು. ಕಸ್ತೂರಿಯ ಕೈಯ ತಟ್ಟೆಯಲ್ಲಿ ಮೂರು ಕಪ್ ಚಹಾ, ಅವುಗಳ ಪಕ್ಕದಲ್ಲಿ ಉದ್ದ ವೈರಿನ ರಿಮೋಟು.

“ಹಿಂದಿನ ಮೂವರಿಗೂ ಆರಾರು ಗೋಲ ಹೊಡದೀನ್ರಿ,” ಎಂದಳು ಅವಳು ತಲೆ ತಗ್ಗಿಸಿ, “ನನ್ನ ಗೋಲಿಗಿ ನಾನ ಹೊಡ್ಕೊಂಡಿದ್ದು ಇವತ್ತ ಮೊದ್ಲು.”