ಇಂಗುಗುಂಡಿಯ ತಳ

ಮಣ್ಣಿನ ಮಾದರಿ ತೆಗೆಯುವ ಕೊಳವೆಯನ್ನು ಅವಳು ನೆಲದಿಂದ ಮೇಲೆಳೆದಾಗ ಮಣ್ಣಿನ ಹೆಂಟೆಯ ಬದಲು ಮರಳು ಜರಜರನೆ ಸುರಿಯಿತು. ಮಳೆನೀರು ಇಂಗಲೆಂದು ತೋಡಿದ ಈ ಗುಂಡಿಯ ತಳದಲ್ಲಿ ಹೋದ ವರ್ಷ ಆಳುದ್ದ ಜೇಡಿಮಣ್ಣಿತ್ತು. ಅಂದು ಮಾದರಿ ತೆಗೆದವಳೂ ಅವಳೇ.

“ಜೇಡಿ ಎಲ್ಲಿ ಹೋಯ್ತು?” ಲ್ಯಾಬಿನ ಮೇಡಂ ಕೇಳಿದರು.

“ನೀರು ನಿಂತು ಸೊಳ್ಳೆ ಆಗ್ತಿತ್ತಂತೆ. ಬೀದಿಯವರೇ ಸೇರಿ ಅದನ್ನ ತೆಗೆಸಿ, ಮರಳು ತುಂಬ್ಸಿದಾರೆ.” ಮುಂದೆ ನಿಂತು ಮಾಡಿಸಿದವಳು ತನ್ನ ಅಕ್ಕನೇ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

“ಮಹಾ ಜಾಣರು! ಜೇಡಿಲಿ ನೀರು ತಂಗುತ್ತೆ, ಗಾಳಿ ಆಡಲ್ಲ. ಅಲ್ಲಿರೋ ಕಣ್ಣಿಗೆ ಕಾಣದ ಜೀವಿಗಳು ನೈಟ್ರೇಟನ್ನ ತಿಂದು ಗಾಳಿ ಮಾಡಿ ಬಿಡ್ತವೆ. ಮರಳಿಗೆ ಅಷ್ಟು ತಾಳ್ಮೆ ಎಲ್ಲಿ? ಕೈತೋಟದ ಗೊಬ್ಬರ, ನಾಯಿ ಹೊಲಸು, ಎಲ್ಲದರ ನೈಟ್ರೇಟ್ ತೊಳ್ಕೊಂಡು ಬಂದ ನೀರು ನೆಟ್ಟಗೆ ಕೆಳಗೆ, ಬೋರ್‌ವೆಲ್‌ಗೆ.”

ಲ್ಯಾಬಿಗೆ ಮರಳಿದ ಮೇಲೆ ಮೇಡಂ, ಅಕ್ಕನ ಬೀದಿಯಿಂದ ತುಂಬಿ ತಂದ ಬೋರ್‌ವೆಲ್ ನೀರಿಗೆ ನೈಟ್ರೇಟ್ ಪರೀಕ್ಷೆಯ ಪಟ್ಟಿ ಅದ್ದಿದರು. ತುದಿಯ ಬಿಳಿ ಚೌಕ ನೋಡನೋಡುತ್ತಲೇ ಕಡುಗುಲಾಬಿಯಾಯಿತು; ನೈಟ್ರೇಟ್ ಮಿತಿ ಮೀರಿತ್ತು.

“ದೊಡ್ಡವರು ಹೇಗೋ ತಡ್ಕೋತಾರೆ. ಇದರಲ್ಲಿ ಪುಡಿಹಾಲು ಕಲಸಿ ಎಳೆಕೂಸಿಗೆ ಕುಡಿಸಿದ್ರೆ ರಕ್ತ ಉಸಿರನ್ನೇ ಹೊರಲ್ಲ. ತುಟಿ ನೀಲಿಗಟ್ಟುತ್ತೆ.”

ಕೈ ಒರೆಸಿಕೊಳ್ಳುವುದನ್ನೂ ಮರೆತು ಅವಳು ಫೋನ್ ಹಚ್ಚಿದಳು.

“ಅಕ್ಕಾ, ಪುಟ್ಟಿಗೆ ಬೋರ್ ನೀರಲ್ಲಿ ಹಾಲು ಕಲಸ್ಬೇಡ!”

“ಅಬ್ಬಾ, ಬಾಯಿ ಸತ್ತವಳಿಗೂ ಕೂಗಕ್ಕೆ ಬರುತ್ತಾ!” ಅಕ್ಕ ನಕ್ಕಳು. “ನಾನೇನು ಹಸಿನೀರು ಕೊಡ್ತೀನೇನೇ? ಮೂರು ದಿನದಿಂದ ಯಾಕೋ ಮಂಕಾಗಿದಾಳೆ ಅಂತ ಇನ್ನೂ ಚೆನ್ನಾಗಿ ಕುದಿಸ್ತಿದೀನಿ, ಪಾತ್ರೆ ಅರ್ಧಕ್ಕೆ ಇಳಿಯೋವರೆಗೂ. ತಾಳು, ಬಾಟ್ಲಿ ಹಿಡೀಬೇಕು, ಫೋನ್ ಕೆಳಗಿಡ್ತೀನಿ.”

ಅವಳು ಮೇಡಂ ಮುಖ ನೋಡಿದಳು. “ಪಾತ್ರೆ ಅರ್ಧಕ್ಕೆ ಇಳಿಯೋವರೆಗೂ ಕುದಿಸ್ತಾಳಂತೆ. ಪರವಾಗಿಲ್ವಾ?”

ಮೇಡಂ ಪಟ್ಟಿ ಕೆಳಗಿಟ್ಟು ಎದ್ದರು. “ಆವಿಯಾಗೋದು ನೀರು ಮಾತ್ರ ಕಣೇ. ವಿಷ ಅಷ್ಟೂ ಉಳಿದು ಇನ್ನೂ ಗಾಢ ಆಗುತ್ತೆ. ಮೊದಲು ಆಸ್ಪತ್ರೆಗೆ ಓಡು ಅನ್ನು!”

“ಅಕ್ಕಾ! ಬಾಟ್ಲಿ ತೆಗಿ! ತುಟಿ ನೋಡೇ ಅಕ್ಕಾ!”

ಅಕ್ಕನ ಫೋನ್ ಇನ್ನೂ ಕೆಳಗೇ ಇತ್ತು. ಆ ಕಡೆಯಿಂದ ಗುಟುಕು ಗುಟುಕಾಗಿ ಮಗು ಹಾಲು ಚೀಪುವ ಸದ್ದು, ನಡುನಡುವೆ ಅಕ್ಕನ ಮುದ್ದಿನ ದನಿ: “ಪೂರ್ತಿ ಕುಡೀಬೇಕು ನನ್ನ ಬಂಗಾರ, ಒಂದು ತೊಟ್ಟೂ ಬಿಡಬಾರದು.”